ಸಂಸಾರ, ಸಾಮಾನು, ಸಂದಿ: ಕಾಶಿ ಸ್ಟೇಷನ್ನಿನಿಂದ ರೂಮಿನ ಬಾಗಿಲವರೆಗೆ

ವಾರಾಣಸಿ ಜಂಕ್ಷನ್ನಿನಿಂದ ಗೋದೌಲಿಯಾ ಚೌಕಕ್ಕೆ ಸುಮಾರು 4 ಕಿಲೋಮೀಟರ್. ಎರಡು ರಾತ್ರಿ ರೈಲಿನಲ್ಲಿ ಕಳೆದು ಬಂದವರಿಗೆ ಇದೇನು ಮಹಾ ಅನಿಸುತ್ತದೆ. ಆ 4 ಕಿಲೋಮೀಟರ್ ನಿಜಕ್ಕೂ ಮಹಾ ಅಲ್ಲ. ಆಟೊದವನು ಇಳಿಸಿ ಹೋದ ಮೇಲೆ ಉಳಿಯುವ ಇನ್ನೂರು ಮುನ್ನೂರು ಮೀಟರ್ ಇದೆಯಲ್ಲ, ಕಷ್ಟ ಇರುವುದು ಅಲ್ಲಿ. ಅಜ್ಜಿ ಮಂಡಿ ಹಿಡಿದುಕೊಂಡು ಅಂಗಡಿ ಕಟ್ಟೆಯ ಮೇಲೆ ಕೂತುಬಿಡುವುದು, ಸೂಟ್‌ಕೇಸಿನ ಚಕ್ರ ಕಲ್ಲುಚಪ್ಪಡಿಯ ಸಂದಿಗೆ ಸಿಕ್ಕಿ ಕಿತ್ತು ಬರುವುದು, ಮ್ಯಾಪು ಗೋಡೆಯೊಳಗೆ ನುಗ್ಗು ಎನ್ನುವುದು, ಎಲ್ಲವೂ ಆ ಮುನ್ನೂರು ಮೀಟರಿನಲ್ಲೇ. ಹಾಗಾಗಿ ಕಾಶಿಯಲ್ಲಿ ಲೆಕ್ಕವನ್ನು ಸ್ಟೇಷನ್ನಿನಿಂದ ಶುರು ಮಾಡಬಾರದು. ರೂಮಿನ ಬಾಗಿಲಿನಿಂದ ಹಿಂದಕ್ಕೆ ಹಾಕಿಕೊಂಡು ಬರಬೇಕು.

ಯಾವ ಸ್ಟೇಷನ್ನು?

ಮೊದಲ ಎಡವಟ್ಟು ಇಲ್ಲೇ ಆಗುತ್ತದೆ. ಕಾಶಿಗೆ ಹೋಗುವ ಎಲ್ಲ ರೈಲೂ ಕಾಶಿಯೊಳಗೆ ಹೋಗುವುದಿಲ್ಲ. ಟಿಕೆಟ್ಟಿನಲ್ಲಿ ಬಿಎಸ್‌ಬಿ ಎಂದಿದ್ದರೆ ಅದು ವಾರಾಣಸಿ ಜಂಕ್ಷನ್. ಊರಿನವರ ಬಾಯಲ್ಲಿ ಬರೀ 'ಕ್ಯಾಂಟ್'. ಬಿಎಸ್‌ಬಿಎಸ್ ಎಂದಿದ್ದರೆ ಬನಾರಸ್ ಸ್ಟೇಷನ್. 2021ರವರೆಗೆ ಇದರ ಹೆಸರು ಮಂಡುವಾಡೀಹ್, ಆಟೊದವರಲ್ಲಿ ಎಷ್ಟೋ ಮಂದಿ ಈಗಲೂ ಹಾಗೇ ಕರೆಯುತ್ತಾರೆ. ಡಿಡಿಯು ಎಂದಿದ್ದರೆ ಪಂಡಿತ್ ದೀನ್ ದಯಾಳ್ ಉಪಾಧ್ಯಾಯ ಜಂಕ್ಷನ್, ಅಂದರೆ 2018ರವರೆಗಿನ ಮೊಘಲ್‌ಸರಾಯ್. ಇದು ಗಂಗೆಯ ಆಚೆ ದಡದಲ್ಲಿದೆ, ಊರಿನ ನಡುಭಾಗಕ್ಕೆ ಸುಮಾರು 16 ಕಿಲೋಮೀಟರ್. ಬೆಂಗಳೂರಿನ ಸಂಘಮಿತ್ರ, ಮೈಸೂರಿನ ಬಾಗ್ಮತಿ ಎರಡೂ ನಿಲ್ಲುವುದು ಡಿಡಿಯುನಲ್ಲೇ.

ಇವಲ್ಲದೆ 'ಕಾಶಿ' ಅಂತಲೇ ಒಂದು ಸಣ್ಣ ಸ್ಟೇಷನ್ನು ರಾಜಘಾಟ್ ಸೇತುವೆಯ ಬುಡದಲ್ಲಿದೆ, 'ವಾರಾಣಸಿ ಸಿಟಿ' ಎಂದು ಇನ್ನೊಂದಿದೆ. ಹೋಟೆಲಿನವರಿಗೆ ಫೋನಿನಲ್ಲಿ "ಕಾಶಿ ಸ್ಟೇಷನ್ನಿಗೆ ಬರುತ್ತೇವೆ" ಎಂದರೆ ಅವರು ಕಳಿಸಿದ ಗಾಡಿ ಎಲ್ಲೋ, ನೀವು ಎಲ್ಲೋ. 'ಕ್ಯಾಂಟ್', 'ಬನಾರಸ್', 'ಮೊಘಲ್‌ಸರಾಯ್' ಎಂದು ಬಿಡಿಸಿ ಹೇಳಿ.

ಡಿಡಿಯುನಲ್ಲಿ ಇಳಿಯುವವರಿಗೆ ಇನ್ನೊಂದು ಮಾತು. ಅದು ಕೊನೆಯ ಸ್ಟೇಷನ್ನಲ್ಲ, ರೈಲು ನಿಮಗಾಗಿ ಕಾಯುವುದಿಲ್ಲ. ಹಿಂದಿನ ಸ್ಟಾಪು ದಾಟಿದ ಕೂಡಲೇ ಸೀಟಿನಡಿಯ ಸಾಮಾನು ಎಳೆದು, ಎಣಿಸಿ, ಬಾಗಿಲ ಕಡೆಗೆ ತಂದಿಡಿ. ಗಟ್ಟಿಮುಟ್ಟಾದ ಒಬ್ಬರು ಮೊದಲು ಇಳಿಯಬೇಕು, ಅವರ ಹಿಂದೆ ಮಕ್ಕಳು ಮತ್ತು ಹಿರಿಯರು. ಆಮೇಲೆ ಮೇಲಿನಿಂದ ಒಂದೊಂದಾಗಿ ಸಾಮಾನು ಕೈದಾಟಿಸಿ. ಕೊನೆಯವರು ಬರ್ತಿನ ಮೇಲೂ ಕೆಳಗೂ ಕಣ್ಣಾಡಿಸಿ, ಚಾರ್ಜರ್ ಕಿತ್ತುಕೊಂಡು ಇಳಿಯಲಿ. ಎಲ್ಲರೂ ಸಾಮಾನು ಹಿಡಿದುಕೊಂಡು ಒಟ್ಟಿಗೆ ಬಾಗಿಲಿಗೆ ನುಗ್ಗಿದರೆ, ಹತ್ತುವವರು ಅದೇ ಬಾಗಿಲಿಗೆ ಎದುರು ನುಗ್ಗುತ್ತಾರೆ. ಅಲ್ಲಿಗೆ ಮುಗಿಯಿತು. ಕ್ಯಾಂಟಿನಲ್ಲೇ ಕೊನೆಯಾಗುವ ರೈಲಾದರೆ ಈ ಗಡಿಬಿಡಿ ಬೇಡ. ಬೋಗಿ ಖಾಲಿಯಾಗಲು ಬಿಟ್ಟು ಸಾವಕಾಶವಾಗಿ ಇಳಿಯಿರಿ.

ಡಿಸೆಂಬರ್, ಜನವರಿಯಲ್ಲಿ ಮಂಜು ಬಿದ್ದರೆ ಉತ್ತರದ ರೈಲುಗಳು ಗಂಟೆಗಟ್ಟಲೆ ತಡ. ಬೆಳಿಗ್ಗೆ ತಲುಪಬೇಕಾದವರು ರಾತ್ರಿ ತಲುಪುತ್ತಾರೆ. ಸ್ವೆಟರು, ಮಫ್ಲರು, ಕಾಲುಚೀಲಗಳನ್ನು ಸೂಟ್‌ಕೇಸಿನ ತಳಕ್ಕೆ ತುರುಕದೆ ಕೈಚೀಲದಲ್ಲಿಡಿ.

ಹೋಟೆಲಿಗೆ ಕೇಳಬೇಕಾದದ್ದು

ಬುಕ್ ಮಾಡುವ ಮುಂಚೆ ಫೋನ್ ಮಾಡಿ. ಕೇಳಬೇಕಾದ್ದು "ಘಾಟ್ ಹತ್ತಿರವೇ?" ಅಂತ ಅಲ್ಲ. ಆ ಪ್ರಶ್ನೆಗೆ ಕಾಶಿಯ ಯಾವ ಲಾಡ್ಜಿನವನೂ ಇಲ್ಲ ಎನ್ನುವುದಿಲ್ಲ. ಹೀಗೆ ಕೇಳಿ: ಆಟೊ ಬಂದು ನಿಲ್ಲುವ ಕೊನೆಯ ಚೌರಾಹಾ (ನಾಲ್ಕು ರಸ್ತೆ ಕೂಡುವ ಚೌಕ) ಯಾವುದು? ಅಲ್ಲಿಂದ ನಿಮ್ಮ ಬಾಗಿಲಿಗೆ ಎಷ್ಟು ನಿಮಿಷದ ನಡಿಗೆ? ದಾರಿಯಲ್ಲಿ ಎಷ್ಟು ಮೆಟ್ಟಿಲು? ರೂಮು ಎಷ್ಟನೇ ಮಹಡಿ, ಲಿಫ್ಟ್ ಇದೆಯೇ? ಸಾಮಾನು ಹೊರಲು ಚೌರಾಹಾದವರೆಗೆ ಹುಡುಗನನ್ನು ಕಳಿಸುತ್ತೀರಾ, ಅವನಿಗೆ ಎಷ್ಟು ಕೊಡಬೇಕು?

ಅವರು "ಐದು ನಿಮಿಷ" ಎಂದರೆ ಅದು ಖಾಲಿ ಕೈಯಲ್ಲಿ ನಡೆಯುವ ಬನಾರಸಿಯ ಐದು ನಿಮಿಷ. ಸಾಮಾನು, ಮಗು, ಮಂಡಿನೋವು ಸೇರಿದರೆ ಹದಿನೈದು ಎಂದುಕೊಳ್ಳಿ. ಗಂಗೆ ಕಾಣುವ ರೂಮೆಂದರೆ ಸಾಮಾನ್ಯವಾಗಿ ಹಳೆಯ ಮನೆಯ ಮೂರನೆಯ ಅಥವಾ ನಾಲ್ಕನೆಯ ಮಹಡಿ, ಕಡಿದಾದ ಕಿರಿದಾದ ಮೆಟ್ಟಿಲು. ಹಿರಿಯರಿದ್ದರೆ ಆ ಆಸೆ ಬಿಡುವುದೇ ವಾಸಿ. ಗಂಗೆಯನ್ನು ಕೆಳಗಿಳಿದೂ ನೋಡಬಹುದು.

ಮನೆಯಲ್ಲಿ ಯಾರಿಗಾದರೂ ವಿದೇಶಿ ಪಾಸ್‌ಪೋರ್ಟ್ ಇದ್ದರೆ (ಅಮೆರಿಕದಲ್ಲಿ ಹುಟ್ಟಿದ ಮೊಮ್ಮಕ್ಕಳು ಜೊತೆಗಿರುವುದು ಈಗ ಸಾಮಾನ್ಯ) ಅದನ್ನೂ ಮೊದಲೇ ಹೇಳಿ. ವಿದೇಶಿಯರನ್ನು ಉಳಿಸಿಕೊಂಡರೆ ವಸತಿಯವರು ಅವರ ವಿವರದ ನಮೂನೆ ತುಂಬಿ ಸರ್ಕಾರಕ್ಕೆ ವರದಿ ಮಾಡಬೇಕು. ಸಣ್ಣ ಲಾಡ್ಜುಗಳು ಆ ತಲೆನೋವೇ ಬೇಡವೆಂದು ಬಾಗಿಲಲ್ಲೇ ವಾಪಸ್ ಕಳಿಸುವುದುಂಟು.

ಊರಿನ ಯಾವ ಭಾಗ, ಯಾವ ದಾರಿ

ಕ್ಯಾಂಟ್ ಎದುರಿನ ಪರೇಡ್ ಕೋಠಿ, ಆಚೆ ಸಿಗರಾ, ಮಹಮೂರ್‌ಗಂಜ್, ರಥಯಾತ್ರಾ: ಇಲ್ಲೆಲ್ಲ ಗಾಡಿ ಬಾಗಿಲಿಗೇ ಬರುತ್ತದೆ. ಘಾಟ್ ದೂರ, ಆದರೆ ರಾತ್ರಿ ಒಂದಕ್ಕೆ ಇಳಿಯುವವರಿಗೆ, ಗಾಲಿಕುರ್ಚಿ ಬೇಕಾದವರಿಗೆ ಇದೇ ಸರಿ. ಇದಕ್ಕಿಂತ ಹೆಚ್ಚು ಹೇಳುವುದೇನಿಲ್ಲ.

ಗೋದೌಲಿಯಾ, ದಶಾಶ್ವಮೇಧ, ಬಂಗಾಲಿ ಟೋಲಾ ಅಸಲಿ ಗಲ್ಲಿಗಳ ಪ್ರದೇಶ. ಕ್ಯಾಂಟಿನಿಂದ ಸಿಗರಾ, ರಥಯಾತ್ರಾ, ಲಕ್ಸಾ ಮೇಲೆ ಗಿರಿಜಾಘರ್ ಚೌಕಕ್ಕೆ ಬರಬೇಕು. ಕಾರನ್ನು ಅಲ್ಲಿ ಅಥವಾ ಅದಕ್ಕೂ ಹಿಂದೆಯೇ ಬ್ಯಾರಿಕೇಡ್ ಇಟ್ಟು ತಡೆಯುತ್ತಾರೆ. ಗೋದೌಲಿಯಾದಿಂದ ದಶಾಶ್ವಮೇಧದ ಕಡೆಗಿನ ರಸ್ತೆ ಕಾಲ್ನಡಿಗೆಯವರದ್ದು. ಜಂಗಮವಾಡಿ ಮಠಕ್ಕೆ ಹೋಗುವವರೂ ಗೋದೌಲಿಯಾದ ಲೆಕ್ಕದಲ್ಲೇ ಬರಬೇಕು. ಕ್ಯಾಂಟ್ ಮತ್ತು ಗೋದೌಲಿಯಾ ನಡುವಿನ ರೋಪ್‌ವೇಗೆ 2023ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆಯಾಗಿದೆ. ಅದರಲ್ಲಿ ಬಂದರೂ ಇಳಿಯುವುದು ಗೋದೌಲಿಯಾದಲ್ಲೇ. ಗಲ್ಲಿ ಅಲ್ಲಿಂದ ಮುಂದೆ.

ಚೌಕ್, ಮಣಿಕರ್ಣಿಕಾ, ವಿಶ್ವನಾಥ ದೇವಸ್ಥಾನದ ಉತ್ತರದ ಕಡೆಯ ಲಾಡ್ಜಾದರೆ ಗೋದೌಲಿಯಾ ಬೇಡ. ಲಹುರಾಬೀರ್, ಕಬೀರ್‌ಚೌರಾ ಮೇಲೆ ಮೈದಾಗಿನ್‌ಗೆ ಬನ್ನಿ.

ದಕ್ಷಿಣದವರು ಹೆಚ್ಚಾಗಿ ಉಳಿಯುವುದು ಕೇದಾರ ಘಾಟ್, ಹರಿಶ್ಚಂದ್ರ ಘಾಟ್, ಹನುಮಾನ್ ಘಾಟ್ ಸುತ್ತ. ಕರ್ನಾಟಕದ್ದೇ ಹೆಸರಿನ ಘಾಟ್ ಕೂಡ ಇರುವುದು ಹರಿಶ್ಚಂದ್ರ ಮತ್ತು ಹನುಮಾನ್ ಘಾಟ್‌ಗಳ ನಡುವೆ. ಇಲ್ಲಿಗೆ ಗೋದೌಲಿಯಾ ಮೇಲೆ ಬರುವುದು ಶುದ್ಧ ದಡ್ಡತನ, ಆದರೆ ಬಹಳ ಜನ ಹಾಗೇ ಬಂದು ಜಾಮಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಡ್ರೈವರಿಗೆ ಹತ್ತುವ ಮುಂಚೆಯೇ ಹೇಳಿ: "ರಥಯಾತ್ರಾ, ಕಮಚ್ಛಾ, ಭೇಲೂಪುರ್ ಹೋತೆ ಹುಏ ಸೋನಾರ್‌ಪುರಾ", ಅಂದರೆ ಇವುಗಳ ಮೇಲೆ ಸೋನಾರ್‌ಪುರಾಕ್ಕೆ. ಸೋನಾರ್‌ಪುರಾದಿಂದ ಅಸ್ಸಿ ಘಾಟಿನವರೆಗೆ ರಸ್ತೆ ನದಿಗೆ ಸಮಾನಾಂತರವಾಗಿ ಓಡುತ್ತದೆ, ಒಂದೊಂದು ಘಾಟಿಗೂ ಅದರಿಂದ ಒಂದೊಂದು ಗಲ್ಲಿ ಇಳಿಯುತ್ತದೆ. ಸಾಮಾನಿನ ದೃಷ್ಟಿಯಿಂದ ನೋಡಿದರೆ ಘಾಟ್ ಹತ್ತಿರದ ವಸತಿಗಳಲ್ಲಿ ಈ ಪಟ್ಟಿಯೇ ಎಲ್ಲಕ್ಕಿಂತ ಸಲೀಸು, ಅದರಲ್ಲೂ ಅಸ್ಸಿ.

ಡಿಡಿಯುನಿಂದ ಬರುವವರ ದಾರಿ ಬೇರೆ. ಪಡಾವ್ ಚೌಕದವರೆಗೆ ಎಲ್ಲರಿಗೂ ಒಂದೇ. ಅಲ್ಲಿಂದ ನೇರ ಹೋದರೆ ರಾಜಘಾಟಿನ ಹಳೆಯ ಸೇತುವೆ: 1887ರಲ್ಲಿ ತೆರೆದದ್ದು, ಕೆಳಗೆ ರೈಲು, ಮೇಲೆ ರಸ್ತೆ, ಮತ್ತು ದಿನದ ಬಹುಪಾಲು ಹೊತ್ತು ಜಾಮು. ಮೈದಾಗಿನ್, ಚೌಕ್ ಕಡೆಗೆ ಇದೇ ಗತಿ. ಆದರೆ ಅಸ್ಸಿ, ಹನುಮಾನ್ ಘಾಟ್, ಕೇದಾರಕ್ಕೆ ಹೋಗುವವರು ಪಡಾವ್‌ನಲ್ಲಿ ರಾಮನಗರದ ಕಡೆ ತಿರುಗಿಸಿ, ಸಾಮ್ನೆ ಘಾಟ್ ಸೇತುವೆ ದಾಟಿ ಲಂಕಾ ಎಂಬ ಬಡಾವಣೆಗೆ ಬರುವಂತೆ ಡ್ರೈವರಿಗೆ ಹೇಳಿ. ಕಿಲೋಮೀಟರ್ ಸ್ವಲ್ಪ ಹೆಚ್ಚಾದರೂ ಊರಿನ ಹೊಟ್ಟೆಯೊಳಗೆ ನುಗ್ಗುವುದು ತಪ್ಪುತ್ತದೆ.

ಸಾಮಾನು ಕಟ್ಟುವಾಗಲೇ

ಒಂದೇ ಸೂತ್ರ: ಯಾರು ಎಳೆಯುತ್ತಾರೋ ಅವರೇ ಒಂಟಿ ಕೈಯಲ್ಲಿ ಹತ್ತು ಮೆಟ್ಟಿಲು ಎತ್ತಿಕೊಂಡು ಹೋಗಬಲ್ಲಷ್ಟು ತೂಕ. ದೊಡ್ಡವರಿಗೆ 12ರಿಂದ 15 ಕಿಲೋ, ಅಷ್ಟೆ. 28 ಕಿಲೋದ ಒಂದು ದೈತ್ಯ ಸೂಟ್‌ಕೇಸಿಗಿಂತ 14ರ ಎರಡು ಲೇಸು. ಏಕೆಂದರೆ ಗಲ್ಲಿಯಲ್ಲಿ ಇಬ್ಬರು ಒಂದು ಪೆಟ್ಟಿಗೆಯನ್ನು ಎರಡು ಕಡೆ ಹಿಡಿದು ಅಕ್ಕಪಕ್ಕ ನಡೆಯಲು ಜಾಗವೇ ಇರುವುದಿಲ್ಲ.

ಚಕ್ರದ ವಿಷಯ. ವಿಮಾನ ನಿಲ್ದಾಣದ ನೆಲಕ್ಕೆಂದು ಮಾಡಿದ, ನಾಲ್ಕು ದಿಕ್ಕಿಗೂ ತಿರುಗುವ ಪುಟ್ಟ ಚಕ್ರಗಳ ಪೆಟ್ಟಿಗೆ ಕಾಶಿ ಗಲ್ಲಿಗೆ ಹೇಳಿಮಾಡಿಸಿದ ಶತ್ರು. ನೆಲಕ್ಕೆ ಹಾಸಿದ ಕಲ್ಲುಚಪ್ಪಡಿಗಳು ಒಂದು ಎತ್ತರ ಒಂದು ತಗ್ಗು, ನಡುವೆ ಹೆಬ್ಬೆರಳಗಲದ ಸಂದು. ಪುಟ್ಟ ಚಕ್ರ ಆ ಸಂದಿಗೆ ಇಳಿಯುತ್ತದೆ, ನೀವು ಎಳೆಯುತ್ತೀರಿ, ಅಚ್ಚು ಬಾಗುತ್ತದೆ. ಮೇಲೆ ನೀರು, ಸಗಣಿ, ಹೂವಿನ ಕೊಳೆ ಬೇರೆ. ಹಿಂದೆ ಎರಡೇ ದೊಡ್ಡ ರಬ್ಬರ್ ಚಕ್ರ ಇರುವ ಪೆಟ್ಟಿಗೆ ಪರವಾಗಿಲ್ಲ. ಬೆನ್ನಿಗೆ ಹಾಕುವ ಚೀಲವಾದರೆ ಇನ್ನೂ ಒಳ್ಳೆಯದು. ನಾಲ್ಕು ಚಕ್ರದ್ದೇ ಇರುವುದಾದರೆ ಗಲ್ಲಿಯಲ್ಲಿ ನಿಲ್ಲಿಸಿ ತಳ್ಳಬೇಡಿ. ಓರೆ ಮಾಡಿ, ಎರಡೇ ಚಕ್ರದ ಮೇಲೆ ಹಿಂದೆ ಎಳೆಯಿರಿ. ಸಂದು ಬಂದ ಕಡೆ ಎತ್ತಿ ದಾಟಿಸಿ.

ಅಕ್ಕಿ, ಚಟ್ನಿಪುಡಿ, ಉಪ್ಪಿನಕಾಯಿ ಒಯ್ಯುವವರು ಒಯ್ಯಿರಿ, ಆದರೆ ಗ್ಯಾಸ್ ಸ್ಟೌ, ಸೀಮೆಎಣ್ಣೆ ರೈಲಿನಲ್ಲಿ ನಿಷಿದ್ಧ. ಊಟದ ಚೀಲ, ಚಪ್ಪಲಿ ಚೀಲ, ನೀರಿನ ಚೀಲ ಎಂದು ಪುಡಿಚೀಲಗಳು ಹೆಚ್ಚಾದಷ್ಟೂ ಒಂದು ಕಳೆಯುವುದು ಖಚಿತ. ಇಳಿಯುವ ಮುಂಚೆ ಅವನ್ನೆಲ್ಲ ಒಂದು ದೊಡ್ಡ ಚೀಲಕ್ಕೆ ತುಂಬಿ. ಎಲ್ಲ ಸಾಮಾನಿಗೂ ಒಂದೇ ಬಣ್ಣದ ಬಟ್ಟೆಯ ಚೂರು ಕಟ್ಟಿ, ಒಟ್ಟು ಸಂಖ್ಯೆಯನ್ನು ಮಕ್ಕಳಿಗೂ ಬಾಯಿಪಾಠ ಮಾಡಿಸಿ. "ಏಳು" ಎಂದರೆ ಏಳು: ಪ್ಲಾಟ್‌ಫಾರ್ಮಿನಲ್ಲಿ ಎಣಿಸಿ, ಆಟೊ ಹತ್ತುವಾಗ ಎಣಿಸಿ, ಇಳಿದು ಹಣ ಕೊಡುವ ಮುಂಚೆ ಎಣಿಸಿ. ಹಣ ಕೊಟ್ಟ ಮೇಲೆ ಎಣಿಸಿದರೆ ಗಾಡಿ ಹೋಗಿರುತ್ತದೆ.

ಪ್ಲಾಟ್‌ಫಾರ್ಮಿನಿಂದ ಗಾಡಿಗೆ

ಕ್ಯಾಂಟಿನ ಮುಖ್ಯ ದ್ವಾರ 1ನೇ ಪ್ಲಾಟ್‌ಫಾರ್ಮಿನ ಕಡೆ, ಊರಿಗೆ ಮುಖ ಮಾಡಿ. ಬೇರೆ ಪ್ಲಾಟ್‌ಫಾರ್ಮಿನಲ್ಲಿ ಇಳಿದರೆ ಮೇಲ್ಸೇತುವೆ ಹತ್ತಬೇಕು. ಜನ ನುಗ್ಗಿದ ಕಡೆ ನುಗ್ಗದೆ ಒಂದೆರಡು ನಿಮಿಷ ನಿಂತು ಲಿಫ್ಟ್, ಎಸ್ಕಲೇಟರ್ ಎಲ್ಲಿದೆ ಎಂದು ಕೇಳಿಕೊಳ್ಳಿ. ಪೆಟ್ಟಿಗೆ ಹಿಡಿದು ಎಸ್ಕಲೇಟರ್ ಹತ್ತುವವರು ಪೆಟ್ಟಿಗೆಯನ್ನು ಒಂದು ಮೆಟ್ಟಿಲು ಮುಂದಿಟ್ಟು ಹಿಂದೆ ನಿಲ್ಲಿ. ಸೀರೆ ಸೆರಗು, ಪಂಚೆ ಎತ್ತಿ ಹಿಡಿಯಿರಿ.

ಕೂಲಿಗಳು ಕೆಂಪಂಗಿ ತೊಟ್ಟು, ತೋಳಿಗೆ ಹಿತ್ತಾಳೆ ಬಿಲ್ಲೆ ಕಟ್ಟಿರುತ್ತಾರೆ. ಬಿಲ್ಲೆಯ ನಂಬರ್ ನೋಡಿಟ್ಟುಕೊಳ್ಳಿ. ಮಾತಾಡುವಾಗ "ಗಾಡಿ ತಕ್, ಸಬ್ ಸಾಮಾನ್, ಕುಲ್ ಕಿತನಾ?" ಎಂದೇ ಕೇಳಿ: ಗಾಡಿಯವರೆಗೆ, ಎಲ್ಲ ಸಾಮಾನು, ಒಟ್ಟು. ಈ ಮೂರರಲ್ಲಿ ಒಂದು ಬಿಟ್ಟರೂ ಹೊರಗೆ ಹೋದ ಮೇಲೆ ಜಗಳ. "ಜೋ ಮರ್ಜಿ ದೇ ದೀಜಿಯೇ" (ನಿಮ್ಮ ಇಷ್ಟದಷ್ಟು ಕೊಡಿ) ಎಂದವನ ಕೈಗೆ ಸಾಮಾನು ಕೊಡಬೇಡಿ. ನಿಮ್ಮ ಮರ್ಜಿ ಎಷ್ಟಾದರೂ ಅವನಿಗೆ ಕಡಿಮೆಯೇ. ಕೂಲಿಯ ಜೊತೆಗೇ ಮನೆಯ ಒಬ್ಬರು ನಡೆಯಲಿ, ಉಳಿದವರು ಹಿರಿಯರ ನಡಿಗೆಗೆ ನಡೆಯಲಿ. ಗಾಲಿಕುರ್ಚಿ ಬೇಕಿದ್ದರೆ ರೈಲಿನಲ್ಲಿರುವಾಗಲೇ 139ಕ್ಕೆ ಫೋನ್ ಮಾಡಿ.

ಹೊರಗೆ ಬರುತ್ತಿದ್ದಂತೆ ಗಾಡಿಯವರು ಸುತ್ತುವರಿಯುತ್ತಾರೆ. ಆಗ ಫೋನ್ ತೆಗೆಯಬೇಡಿ. ಪ್ಲಾಟ್‌ಫಾರ್ಮಿನಲ್ಲೇ ಓಲಾ, ಊಬರ್, ರ್‍ಯಾಪಿಡೊದಲ್ಲಿ ನಿಮ್ಮ ಚೌರಾಹಾಕ್ಕೆ ಎಷ್ಟು ತೋರಿಸುತ್ತದೆ ಎಂದು ನೋಡಿಟ್ಟುಕೊಂಡು ಬನ್ನಿ. ಆ್ಯಪಿನ ಗಾಡಿ ಸಿಕ್ಕರೆ ಸರಿ, ಸಿಗದಿದ್ದರೂ ಚೌಕಾಶಿಗೆ ಒಂದು ಅಂದಾಜು ಕೈಯಲ್ಲಿರುತ್ತದೆ. ಕೇಳುವ ದರ "ಪ್ರತಿ ಸವಾರಿ" ಅಂದರೆ ತಲೆಗಿಷ್ಟೋ, ಅಥವಾ "ರಿಜರ್ವ್" ಅಂದರೆ ಇಡೀ ಗಾಡಿಗೋ ಎಂದು ಖಚಿತ ಮಾಡಿಕೊಳ್ಳಿ. ಕಾಶಿಯಲ್ಲಿ ನಮ್ಮವರು ಅತಿ ಹೆಚ್ಚು ಏಮಾರುವುದು ಈ ಒಂದು ಪದದಲ್ಲಿ: ಹತ್ತುವಾಗ ಇಡೀ ಗಾಡಿಗೆ ಎಂದುಕೊಂಡದ್ದು ಇಳಿಯುವಾಗ ತಲೆಗೆ ಇಷ್ಟು ಎಂದಾಗುತ್ತದೆ. "ರಿಜರ್ವ್, ಸಾಮಾನ್ ಮಿಲಾಕೇ, ಸೋನಾರ್‌ಪುರಾ ಚೌರಾಹಾ ತಕ್" (ಇಡೀ ಗಾಡಿ, ಸಾಮಾನು ಸೇರಿ, ಸೋನಾರ್‌ಪುರಾ ಚೌಕದವರೆಗೆ) ಎಂದು ಹೇಳಿ, ಅವನ ಬಾಯಲ್ಲಿ ಮೊತ್ತ ಹೇಳಿಸಿ.

ಇ-ರಿಕ್ಷಾ, ಇಲ್ಲಿನವರ 'ಟೋಟೋ', ಅಗ್ಗ. ನಿಧಾನವಾದರೂ ಕಿರಿದಾದ ರಸ್ತೆಗೆ ನುಗ್ಗುತ್ತದೆ. ನಾಲ್ಕು ಸೀಟು ಎನ್ನುತ್ತಾರೆ, ಸಾಮಾನಿದ್ದರೆ ಮೂವರೇ. ಎದುರುಬದುರಿನ ಸೀಟುಗಳ ನಡುವೆ ಎರಡು ಪೆಟ್ಟಿಗೆ, ತೊಡೆಯ ಮೇಲೆ ಒಂದು ಚೀಲ. ಪಕ್ಕಗಳು ತೆರೆದಿರುವುದರಿಂದ ಮಗುವನ್ನು ಒಳಗೆ ಕೂರಿಸಿ. ಪೆಟ್ಟಿಗೆಯ ಹಿಡಿ ಹೊರಗೆ ಚಾಚಿರದಂತೆ ನೋಡಿ, ಪಕ್ಕದ ಬೈಕಿಗೆ ಸಿಕ್ಕಿಕೊಳ್ಳುತ್ತದೆ. ಟೋಟೋಗಳಿಗೆ ಓಡಾಡುವ ವಲಯ ಹಂಚಿದ್ದಾರೆ. ಹಾಗಾಗಿ "ಪೂರ್ತಿ ಹೋಗ್ತೀಯಾ, ಮಧ್ಯೆ ಇಳಿಸ್ತೀಯಾ" ಎಂದು ಕೇಳಲೇಬೇಕು. ಸಾಮಾನು ಹಿಡಿದು ನಡುದಾರಿಯಲ್ಲಿ ಗಾಡಿ ಬದಲಿಸುವ ಶಿಕ್ಷೆ ಬೇಡ.

ಆರು ಜನರಿದ್ದರೆ ಎರಡು ಗಾಡಿ. ಹಿರಿಯರಿಬ್ಬರನ್ನೇ ಒಂದರಲ್ಲಿ ಕೂರಿಸಬೇಡಿ. ಎರಡರಲ್ಲೂ ಹಿಂದಿ ಬರುವ, ಫೋನ್ ಇರುವ ಒಬ್ಬೊಬ್ಬರು ಇರಲಿ. ಹೋಟೆಲಿನ ಹೆಸರು, ಚೌರಾಹಾ, ಫೋನ್ ನಂಬರ್ ಮೂರನ್ನೂ ಹಿಂದಿ ಅಕ್ಷರದಲ್ಲಿ ಬರೆದ ಚೀಟಿ ಎಲ್ಲರ ಜೇಬಿನಲ್ಲೂ ಇರಲಿ. ಸಾಮಾನು ಅದರ ಒಡೆಯರ ಗಾಡಿಯಲ್ಲೇ ಹೋಗಲಿ. ಸಾಮಾನೆಲ್ಲ ಒಂದರಲ್ಲಿ, ಜನರೆಲ್ಲ ಇನ್ನೊಂದರಲ್ಲಿ ಎಂಬ ಏರ್ಪಾಡು ಯಾವತ್ತೂ ಬೇಡ.

"ಆ ಹೋಟೆಲ್ ಬಂದ್ ಆಗಿದೆ", "ಆ ಗಲ್ಲಿಗೆ ನೀರು ನುಗ್ಗಿದೆ", "ಅದಕ್ಕಿಂತ ಒಳ್ಳೆಯದು ತೋರಿಸ್ತೀನಿ": ಡ್ರೈವರ್ ಹೀಗೆಂದರೆ ಮೂರೂ ಕಮಿಷನ್ನಿನ ಮಾತು. ವಾದ ಬೇಡ. ಅವನ ಎದುರಲ್ಲೇ ಹೋಟೆಲಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿ.

ಹೊತ್ತಿನ ಲೆಕ್ಕವೂ ಇದೆ. ನಸುಕಿನಲ್ಲಿ ಇಪ್ಪತ್ತು ನಿಮಿಷದ ದಾರಿ ಸಂಜೆ ಗಂಗಾರತಿಯ ವೇಳೆ ಒಂದು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಐದರಿಂದ ಎಂಟೂವರೆವರೆಗೆ ಗೋದೌಲಿಯಾ ಕಡೆ ಸಾಮಾನು ಹಿಡಿದು ಹೋಗಲೇಬೇಡಿ. ಸ್ಟೇಷನ್ನಿನ ವೇಟಿಂಗ್ ರೂಮಿನಲ್ಲಿ ಕೂತು, ಏನಾದರೂ ತಿಂದು, ಆಮೇಲೆ ಹೊರಡಿ. ಉತ್ತರದವರ ಶ್ರಾವಣ ಹುಣ್ಣಿಮೆಯಿಂದ ಹುಣ್ಣಿಮೆಗೆ ಎಣಿಸುವುದರಿಂದ ನಮ್ಮದಕ್ಕಿಂತ ಹದಿನೈದು ದಿನ ಮೊದಲೇ ಶುರು. ಆ ಸೋಮವಾರಗಳು, ಶಿವರಾತ್ರಿ, ದೇವ ದೀಪಾವಳಿಯ (ಕಾರ್ತಿಕ ಹುಣ್ಣಿಮೆ) ದಿನಗಳಲ್ಲಿ ಬ್ಯಾರಿಕೇಡು ಇನ್ನೂ ಹಿಂದಕ್ಕೆ ಸರಿದಿರುತ್ತದೆ. ಆಗ ಗಾಡಿ ಎಲ್ಲಿವರೆಗೆ ಬರುತ್ತದೆ ಎಂದು ಅದೇ ದಿನ ಬೆಳಿಗ್ಗೆ ಹೋಟೆಲಿಗೆ ಕೇಳಬೇಕು.

ಗಲ್ಲಿಯೊಳಗೆ

ಚೌರಾಹಾದಲ್ಲಿ ಇಳಿದು ಎಲ್ಲರೂ ಒಟ್ಟಿಗೆ ಒಳಗೆ ನುಗ್ಗಬೇಡಿ. ಹಿರಿಯರು, ಮಕ್ಕಳು, ಸಾಮಾನು ಒಂದು ಅಂಗಡಿಯ ಪಕ್ಕ ನಿಲ್ಲಲಿ, ಒಂದೊಂದು ಕುಲ್ಹಡ್ (ಮಣ್ಣಿನ ಲೋಟ) ಚಹಾ ಕುಡಿಯಲಿ. ಒಬ್ಬರು ಖಾಲಿ ಕೈಯಲ್ಲಿ ಹೋಗಿ ಬಾಗಿಲು ನೋಡಿ ಬರಲಿ. ಬರುವಾಗ ಹೋಟೆಲಿನ ಹುಡುಗನನ್ನೂ ಕರೆತರಲಿ. ಎತ್ತರದ ಮನೆಗಳ ನಡುವೆ ಫೋನಿಗೆ ಆಕಾಶವೇ ಕಾಣುವುದಿಲ್ಲ, ಮ್ಯಾಪಿನ ನೀಲಿ ಚುಕ್ಕಿ ಪಕ್ಕದ ಗಲ್ಲಿಗೆ ಹಾರಿರುತ್ತದೆ. ಮ್ಯಾಪಿಗಿಂತ ಗೋಡೆಗಳ ಮೇಲಿನ ಬಾಣದ ಗುರುತು ಮತ್ತು ಹಾಲಿನಂಗಡಿಯವರ ಬೆರಳು ಹೆಚ್ಚು ನಂಬಿಕಸ್ತ. ಹೆಸರನ್ನು ಪೂರ್ತಿ ಓದಿ: ಒಂದೇ ದೇವರ ಹೆಸರಿನ 'ಗೆಸ್ಟ್ ಹೌಸ್', 'ಲಾಡ್ಜ್', 'ಪೇಯಿಂಗ್ ಗೆಸ್ಟ್' ಅಕ್ಕಪಕ್ಕದಲ್ಲೇ ಇರುತ್ತವೆ.

ನಡೆಯುವಾಗ ಒಂದೇ ಸಾಲು, ಗೋಡೆಗೆ ಹತ್ತಿ. ಹಿಂದಿನಿಂದ ಬೈಕ್ ಹಾರ್ನ್ ಕೇಳಿದರೆ ಪೆಟ್ಟಿಗೆಯನ್ನು ಮುಂದಕ್ಕೆಳೆದುಕೊಂಡು ನಿಲ್ಲಿ. ಹಸು, ಗೂಳಿ ಅಡ್ಡ ಮಲಗಿದ್ದರೆ ತಲೆಯ ಕಡೆಯಿಂದ ದಾಟುವುದು ಬೇಡ, ಬಾಲದ ಕಡೆ ಜಾಗ ಬಿಟ್ಟು ದಾಟಿ. ಹೂವು ಹಣ್ಣಿನ ಚೀಲವನ್ನು ಎತ್ತರಕ್ಕೆ ಹಿಡಿಯಿರಿ. ಮಣಿಕರ್ಣಿಕಾ, ಹರಿಶ್ಚಂದ್ರದ ಕಡೆಯ ಗಲ್ಲಿಗಳಲ್ಲಿ "ರಾಮ್ ನಾಮ್ ಸತ್ಯ ಹೈ" ಎಂದು ಕೇಳಿಸಿದರೆ ಸಾಮಾನು ಸಮೇತ ಹತ್ತಿರದ ಹೊಸ್ತಿಲಿಗೆ ಹತ್ತಿ ದಾರಿ ಬಿಡಿ. ಶವ ಹೊತ್ತು ಬರುವವರು ಅವರು, ನಿಲ್ಲುವುದಿಲ್ಲ, ವೇಗವಾಗಿ ಬರುತ್ತಾರೆ. ಮಕ್ಕಳಿಗೆ ಈ ವಿಷಯ ಮೊದಲೇ ಹೇಳಿಟ್ಟಿರಿ.

ಕೆಲವು ವಸತಿಗಳವರು "ಘಾಟ್ ಮೇಲೆ ನಡೆದು ಬನ್ನಿ" ಅಥವಾ "ದೋಣಿಯಲ್ಲಿ ಬನ್ನಿ" ಎನ್ನುತ್ತಾರೆ. ಚಳಿಗಾಲದಲ್ಲಿ, ನೀರು ಕೆಳಗಿದ್ದಾಗ ಇದು ನಡೆಯುತ್ತದೆ, ಆದರೂ ದೋಣಿಯಿಂದ ಇಳಿದ ಮೇಲೆ ಘಾಟಿನ ಅಷ್ಟೂ ಮೆಟ್ಟಿಲು ಸಾಮಾನು ಹೊತ್ತು ಹತ್ತಬೇಕು. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಗಂಗೆ ಏರಿದರೆ ಘಾಟಿನಿಂದ ಘಾಟಿಗೆ ನಡೆಯುವ ದಾರಿಯೇ ಮುಳುಗಿರುತ್ತದೆ, ದೋಣಿಗಳನ್ನೂ ನಿಲ್ಲಿಸುತ್ತಾರೆ. ಮಳೆಗಾಲಕ್ಕೆ ಬುಕ್ ಮಾಡುವವರು ರಸ್ತೆ ಕಡೆಯಿಂದ ಬಾಗಿಲಿರುವ ವಸತಿಯನ್ನೇ ಹಿಡಿಯಬೇಕು.

ಬೇಗ ತಲುಪಿದರೆ, ತಡವಾಗಿ ತಲುಪಿದರೆ

ರೂಮು ಮಧ್ಯಾಹ್ನ ಹನ್ನೆರಡಕ್ಕೆ, ನೀವು ತಲುಪುವುದು ಬೆಳಿಗ್ಗೆ ಆರಕ್ಕೆ. ಸಾಮಾನಿಟ್ಟು ಸ್ನಾನಕ್ಕೆ ಹೋಗಲು ಬಿಡುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಿ, ಬಹುತೇಕರು ಬಿಡುತ್ತಾರೆ. ಬಿಡದಿದ್ದರೆ ಸ್ಟೇಷನ್ನಿನ ಕ್ಲೋಕ್ ರೂಮು. ಅಲ್ಲಿ ಪ್ರತಿ ಚೀಲಕ್ಕೂ ಬೀಗ ಇರಲೇಬೇಕು, ಟಿಕೆಟ್ ತೋರಿಸಬೇಕು. ಅದಕ್ಕಾಗಿ ನಾಲ್ಕು ಪುಟ್ಟ ಬೀಗ ಮನೆಯಿಂದಲೇ ತನ್ನಿ. ವಿಶ್ವನಾಥನ ದರ್ಶನಕ್ಕೆ ಸಾಮಾನು ಹೊತ್ತು ನೇರ ಹೋಗುವ ಯೋಚನೆ ಬೇಡ, ಒಳಗೆ ಫೋನ್ ಕೂಡ ಬಿಡುವುದಿಲ್ಲ.

ನಡುರಾತ್ರಿ ತಲುಪುವುದಾದರೆ ಸಣ್ಣ ಲಾಡ್ಜುಗಳ ಕೆಳಬಾಗಿಲಿಗೆ ಅಗುಳಿ ಬಿದ್ದಿರುತ್ತದೆ, ಕಾವಲಿನವನು ಒಳಗೆ ಕಂಬಳಿ ಹೊದ್ದಿರುತ್ತಾನೆ. ರೈಲು ತಡವಾದಾಗಲೆಲ್ಲ ಫೋನ್ ಮಾಡಿ ಹೊಸ ಸಮಯ ತಿಳಿಸಿ, ರಾತ್ರಿ ಬಾಗಿಲು ತೆಗೆಯುವವನ ಮೊಬೈಲ್ ನಂಬರನ್ನೇ ಕೇಳಿ ಬರೆದುಕೊಳ್ಳಿ. ಅದೂ ಆಗದಿದ್ದರೆ ಬೆಳಕಾಗುವವರೆಗೆ ಸ್ಟೇಷನ್ನಿನಲ್ಲೇ ಇರಿ. ಐದು ಗಂಟೆಗೆ ಗಲ್ಲಿಯಲ್ಲಿ ಹಾಲಿನವರು, ಸ್ನಾನಕ್ಕೆ ಇಳಿಯುವವರು ಓಡಾಡುತ್ತಿರುತ್ತಾರೆ; ದಾರಿ ಕೇಳಲು ಜನವಿರುತ್ತಾರೆ, ಬೈಕುಗಳು ಇನ್ನೂ ಎದ್ದಿರುವುದಿಲ್ಲ.

ವಾಪಸ್ ಹೊರಡುವ ದಿನಕ್ಕೆ ಅದೇ ಹುಡುಗನನ್ನು ಹಿಂದಿನ ರಾತ್ರಿಯೇ ಗೊತ್ತು ಮಾಡಿ. ಬರುವಾಗ ಏಳಿದ್ದ ಸಾಮಾನು ಗಂಗಾಜಲದ ಕ್ಯಾನು, ಸೀರೆ ಕಟ್ಟು ಸೇರಿ ಒಂಬತ್ತಾಗಿರುತ್ತದೆ. ಮಕ್ಕಳಿಗೆ ಹೊಸ ಸಂಖ್ಯೆ ಹೇಳಿಕೊಡಿ.